ಒಂದು ಗದ್ದಲ, ನಾಲ್ಕು ಜನರ ಕಿವಿ

ಹಾಡುಗಳ ಒಂದು ಕಟ್ಟಿಗೆ ಯಾರಾದರೂ ‘ಕಕ್ಕ’ ಎಂದು ಹೆಸರಿಡುತ್ತಾರೆಯೇ? ಇಡುತ್ತಾರೆ ಎಂದು ನನಗೆ ಗೊತ್ತಾದದ್ದು ಅರವತ್ತೈದನೆಯ ವಯಸ್ಸಿನಲ್ಲಿ, ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿರುವ ಮಗಳ ಮನೆಯಲ್ಲಿ, ನುಗ್ಗೇಕಾಯಿ ಹುಳಿಗೆ ಒಗ್ಗರಣೆ ಹಾಕುತ್ತಿದ್ದಾಗ. ಮೊಮ್ಮಗಳ ಕೋಣೆಯಿಂದ ಎಂಥದೋ ಗದ್ದಲ ಕೇಳಿಸಿತು. “ಏನೇ ಅದು, ಮಿಕ್ಸಿಗೆ ಕಲ್ಲು ಬಿದ್ದ ಹಾಗೆ?” ಎಂದು ಕೂಗಿದೆ. “ಅಜ್ಜೀ, ಅದು ಡೂಕಿ” ಎಂಬ ಉತ್ತರ ಬಂತು. ಹಾಗೆಂದರೇನು ಎಂದು ಮಗಳನ್ನು ಕೇಳಿದರೆ ಅವಳು ಸೆರಗಿಲ್ಲದ ಅಂಗಿಯ ತೋಳಿನಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಳು. “ಅಮ್ಮಾ, ನಮ್ಮಲ್ಲಿ ಮಗುವಿಗೆ ಹೇಳುತ್ತೇವಲ್ಲ, ಅದೇ.” ಊರೂರು ತಿರುಗುವಾಗ ಸಿಕ್ಕಿದ್ದನ್ನು ತಿಂದು ಹೊಟ್ಟೆ ಕೆಡಿಸಿಕೊಂಡ ಮೂವರು ಹುಡುಗರು ತಮ್ಮ ಪಾಡಿನ ಹೆಸರನ್ನೇ ಹಾಡುಗಳಿಗೂ ಇಟ್ಟರಂತೆ. ನಮ್ಮ ಅತ್ತೆಯವರು ಇದ್ದಿದ್ದರೆ ಆ ಕೋಣೆಗೆ ಸಗಣಿ ನೀರು ಹಾಕಿಸುತ್ತಿದ್ದರು.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು ನಾನು. ಕೇಳಿದ ಸಂಗೀತವೆಂದರೆ ದೇವರನಾಮ, ಭಾವಗೀತೆ, ಆಕಾಶವಾಣಿ. ಪಂಕ್ ಎಂಬ ಮಾತಿಗೂ ನನಗೂ ಏನು ಸಂಬಂಧ? ಆದರೆ ಆ ಮನೆಯಲ್ಲಿ ನಾನಿದ್ದದ್ದು ಆರು ತಿಂಗಳು. ಆ ಅವಧಿಯಲ್ಲಿ ಈ ಒಂದು ಹಾಡಿನ ಕಟ್ಟಿನ ಬಗ್ಗೆ ಮೂರು ಹೆಂಗಸರು, ಪಕ್ಕದ ಮನೆಯಾಕೆ, ನನ್ನ ಮಗಳು ಮತ್ತು ಮೊಮ್ಮಗಳು, ಮೂರು ಬೇರೆ ಬೇರೆ ತೀರ್ಪು ಕೊಡುವುದನ್ನು ಕೇಳಿದೆ. ಒಂದೇ ಪದ್ಯಕ್ಕೆ ಮೂರು ಮಕ್ಕಳು ಮೂರು ಭಾವಾರ್ಥ ಬರೆದರೆ ಮೇಷ್ಟ್ರಾದವರು ಮೂಲಪಾಠ ತೆಗೆದು ನೋಡಲೇಬೇಕಷ್ಟೆ. ನಾನೂ ನೋಡಿದೆ. ನನ್ನ ಬಗ್ಗೆಯೇ ಏನೋ ಸಿಕ್ಕಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಗೊತ್ತಿರಬೇಕಾದಷ್ಟನ್ನು ಹೇಳಿಬಿಡುತ್ತೇನೆ. ಗ್ರೀನ್ ಡೇ ಎಂಬುದು ಮೂವರ ತಂಡ. ಗಿಟಾರ್ ಹಿಡಿದು ಹಾಡುವವನು ಬಿಲ್ಲಿ ಜೋ ಆರ್ಮ್‌ಸ್ಟ್ರಾಂಗ್, ಬೇಸ್ ಗಿಟಾರ್ ನುಡಿಸುವವನು ಮೈಕ್ ಡರ್ನ್ಟ್, ಡ್ರಮ್ ಬಡಿಯುವವನು ಟ್ರೇ ಕೂಲ್. ‘ಡೂಕಿ’ ಹೊರಬಂದದ್ದು 1994ರ ಫೆಬ್ರುವರಿ 1ರಂದು, ರಿಪ್ರೈಸ್ ಎಂಬ ದೊಡ್ಡ ಕಂಪನಿಯಿಂದ. ನಿರ್ಮಾಪಕ ರಾಬ್ ಕವಾಲ್ಲೊ. ಆಗ ಹಾಡುವವನಿಗೆ ಇಪ್ಪತ್ತೆರಡು ಕೂಡ ತುಂಬಿರಲಿಲ್ಲ. ಹದಿನಾಲ್ಕು ಹಾಡುಗಳು, ಕೊನೆಯಲ್ಲಿ ಹೇಳದೆ ಕೇಳದೆ ಬರುವ ಇನ್ನೊಂದು ತುಂಟ ಹಾಡು. ಎಲ್ಲ ಸೇರಿ ನಲವತ್ತು ನಿಮಿಷವೂ ಆಗುವುದಿಲ್ಲ. ಅಮೆರಿಕ ಒಂದರಲ್ಲೇ 1999ರ ಹೊತ್ತಿಗೆ ಒಂದು ಕೋಟಿ ಪ್ರತಿಗಳ ಲೆಕ್ಕಕ್ಕೆ ಸಲ್ಲುವ ‘ಡೈಮಂಡ್’ ಮನ್ನಣೆ ಇದಕ್ಕೆ ಬಂತು. 1995ರಲ್ಲಿ ಗ್ರ್ಯಾಮಿ ಪ್ರಶಸ್ತಿಯೂ ಬಂದಿತ್ತು.

ಇದಿಷ್ಟೂ ಯಶಸ್ಸಿನ ಕತೆ. ಪಕ್ಕದ ಮನೆಯಾಕೆ ಹೇಳಿದ್ದು ಇದೇ ಕತೆಯ ಹಿಂಬಾಗಿಲಿನ ಭಾಗ.

ಆಕೆಗೆ ಐವತ್ತು ದಾಟಿದೆ. ತರಕಾರಿ ಗಿಡಗಳ ಹುಚ್ಚು. ನಾನು ಕೊತ್ತಂಬರಿ ಬೀಜವನ್ನು ಎರಡಾಗಿ ಉಜ್ಜಿ ಬಿತ್ತುವುದನ್ನು ಬೇಲಿಯಾಚೆಯಿಂದ ನೋಡಿ ಮಾತಿಗೆ ಬಂದವಳು. ನಮ್ಮ ಮನೆಯಿಂದ ಕೇಳುವ ಹಾಡಿನ ಮಾತು ಬಂದಾಗ ಮುಖ ಸಣ್ಣದಾಯಿತು. “ಅವರು ನಮ್ಮ ಹುಡುಗರು, ಆಮೇಲೆ ಎಲ್ಲರ ಹುಡುಗರಾದರು” ಎಂದಳು. ಹೆಣ್ಣು ಕೊಟ್ಟ ಮನೆಯವರ ಧ್ವನಿಯಲ್ಲಿ ಹೇಳಿದಂತಿತ್ತು.

ಬರ್ಕ್‌ಲಿ ಊರಿನ ಗಿಲ್‌ಮನ್ ಬೀದಿಯಲ್ಲಿ 924ನೇ ನಂಬರಿನ ಒಂದು ಕಟ್ಟಡವಿದೆ. 1986ರ ಡಿಸೆಂಬರ್ 31ರ ರಾತ್ರಿ ಅಲ್ಲಿ ಹಾಡುಕುಣಿತದ ಒಂದು ಕೂಟ ಶುರುವಾಯಿತು. ಮಾಲೀಕರು ಎಂಬುವರಿಲ್ಲ, ಕೆಲಸ ಮಾಡುವವರೆಲ್ಲ ಸ್ವಯಂಸೇವಕರು. ಯಾವ ವಯಸ್ಸಿನವರೂ ಬರಬಹುದು, ಆದರೆ ಹೆಂಡ, ಮಾದಕ ವಸ್ತು, ಹೊಡೆದಾಟ ಕೂಡದು. ಬಣ್ಣ ನೋಡಿ ಹೀಗಳೆಯಕೂಡದು, ಹೆಣ್ಣೆಂದು ಹೀಗಳೆಯಕೂಡದು ಎಂಬ ನಿಯಮಗಳನ್ನು ಅಲ್ಲಿ ಬರೆದೇ ಹಾಕಿದ್ದರು. ಪಕ್ಕದ ಮನೆಯಾಕೆ ಹದಿನಾರನೆಯ ವಯಸ್ಸಿನಿಂದ ಶನಿವಾರ ಸಂಜೆ ಅದರ ಬಾಗಿಲಲ್ಲಿ ನಿಂತು ಬಂದವರ ಕೈಗೆ ಮುದ್ರೆ ಒತ್ತುತ್ತಿದ್ದಳಂತೆ. “ಮನೆಯಲ್ಲಿ ಕುಡಿದು ಬರುವ ಅಪ್ಪ, ಶಾಲೆಯಲ್ಲಿ ನಗುವ ಹುಡುಗರು. ಇಡೀ ವಾರದಲ್ಲಿ ನಾನು ಹೆದರದೆ ನಿಲ್ಲುತ್ತಿದ್ದ ಜಾಗ ಅದೊಂದೇ” ಎಂದಳು. ಹದಿಹರೆಯದ ಗ್ರೀನ್ ಡೇ ಹುಡುಗರು ಹಾಡಿ ಬೆಳೆದದ್ದು ಅಲ್ಲಿ. ಮೊದಲ ಎರಡು ಧ್ವನಿಮುದ್ರಿಕೆಗಳನ್ನು ತಂದದ್ದು ಲುಕ್‌ಔಟ್ ಎಂಬ ಅಲ್ಲಿನ ಸಣ್ಣ ಸಂಸ್ಥೆ.

ಗಿಲ್‌ಮನ್‌ಗೆ ಇನ್ನೊಂದು ಕಟ್ಟುನಿಟ್ಟಿತ್ತು. ದೊಡ್ಡ ಕಂಪನಿಗೆ ಸಹಿ ಹಾಕಿದ ತಂಡಕ್ಕೆ ಅಲ್ಲಿ ವೇದಿಕೆ ಇಲ್ಲ. 1993ರಲ್ಲಿ ಗ್ರೀನ್ ಡೇ ಸಹಿ ಹಾಕಿತು, ಬಾಗಿಲು ಮುಚ್ಚಿತು. ಅಲ್ಲಿನ ಪಂಕ್ ಲೋಕದ ಪತ್ರಿಕೆ ‘ಮ್ಯಾಕ್ಸಿಮಮ್ ರಾಕ್‌ಎನ್‌ರೋಲ್’ 1994ರಲ್ಲಿ ದೊಡ್ಡ ಕಂಪನಿಗಳ ವಿರುದ್ಧ ಒಂದು ಇಡೀ ಸಂಚಿಕೆಯನ್ನೇ ತಂದಿತು. ಊರು ಬಿಟ್ಟು ಹೋದವರ ಮೇಲಿನ ಸಿಟ್ಟು, ಊರಿನವರೇ ಆದ್ದರಿಂದ ಹೆಚ್ಚು.

ನನಗೆ ಮೊದಲು ಇದು ಅಸೂಯೆಯಂತೆ ಕಂಡಿತು. ಹುಡುಗರು ಬಡವರು. ಬಿಲ್ಲಿ ಜೋಗೆ ಹತ್ತು ವರ್ಷವಾದಾಗ ತಂದೆ ಕ್ಯಾನ್ಸರ್‌ನಿಂದ ತೀರಿಕೊಂಡ. ಆರು ಮಕ್ಕಳಲ್ಲಿ ಇವನೇ ಕಿರಿಯ, ತಾಯಿ ಹೋಟೆಲಿನಲ್ಲಿ ಬಡಿಸುವ ಕೆಲಸದವಳು. ನಾಲ್ಕು ಕಾಸು ಬಂದರೆ ಯಾಕೆ ಬೇಡ? ಹಾಗೆಂದು ಕೇಳಿಯೂ ಬಿಟ್ಟೆ. ಆಕೆ ಕೋಪಿಸಿಕೊಳ್ಳಲಿಲ್ಲ. “ಅವರಿಗೆ ದುಡ್ಡು ಬಂದದ್ದಕ್ಕೆ ನನಗೆ ಬೇಸರವಿಲ್ಲ. ಆ ವರ್ಷದಿಂದ ನಮ್ಮ ಕೂಟಗಳಿಗೆ ಟೀವಿಯಲ್ಲಿ ಹಾಡು ನೋಡಿದ ಗಂಡುಹುಡುಗರು ಬರತೊಡಗಿದರು. ಅವರಿಗೆ ಗದ್ದಲ ಗೊತ್ತು, ನಿಯಮ ಗೊತ್ತಿಲ್ಲ. ಮೊದಲ ಸಾಲಿನಲ್ಲಿ ನಿಲ್ಲುತ್ತಿದ್ದ ಹುಡುಗಿಯರು ನಾವು ಮೊಣಕೈ ತಿಂದು ತಿಂದು ಹಿಂದಿನ ಗೋಡೆಗೆ ಸೇರಿಕೊಂಡೆವು.”

ಈ ಮಾತು ಕೇಳಿದ ಮೇಲೆ ಆಕೆಯ ತೀರ್ಪನ್ನು ನಾನು ತಳ್ಳಿಹಾಕಲಾರೆ. ಒಂದು ಹಾಡಿಗೆ ಕೋಟಿ ಕೇಳುಗರು ದೊರೆತಾಗ ಅದು ಯಾರ ಆಸರೆಯಾಗಿತ್ತೋ ಅವರಿಗೆ ಜಾಗ ಕಡಿಮೆಯಾಗುವುದುಂಟು. ನೆಂಟರು ತುಂಬಿದ ಮದುವೆ ಮನೆಯಲ್ಲಿ ಮನೆಯ ಹುಡುಗಿಗೇ ಮಲಗಲು ಚಾಪೆ ಇರುವುದಿಲ್ಲವಲ್ಲ, ಹಾಗೆ. ಆದರೆ ಇದೇ ಕತೆಯಲ್ಲಿ ಇನ್ನೊಂದು ಎಳೆಯೂ ಇದೆ. ಹಳೆಯ ಹಾಡುಗಳ ಗೌರವಧನ ಬಾಕಿ ಉಳಿಸಿಕೊಂಡದ್ದಕ್ಕೆ 2005ರಲ್ಲಿ ಗ್ರೀನ್ ಡೇ ತಮ್ಮ ಮೊದಲ ಮುದ್ರಿಕೆಗಳನ್ನು ವಾಪಸು ಪಡೆದದ್ದು ಆ ಸಣ್ಣ, ಸ್ವಂತದ ಸಂಸ್ಥೆ ಲುಕ್‌ಔಟ್‌ನಿಂದಲೇ. ಸಣ್ಣದೆಲ್ಲ ಶುದ್ಧವೂ ಅಲ್ಲ, ದೊಡ್ಡದೆಲ್ಲ ಮೋಸವೂ ಅಲ್ಲ. ಕೂಡುಕುಟುಂಬದಲ್ಲಿ ಬಾಳಿದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹತ್ತು ವರ್ಷ ಆಕೆ ‘ಡೂಕಿ’ಯನ್ನು ಕೇಳಲೇ ಇಲ್ಲವಂತೆ. ಆಮೇಲೊಂದು ದಿನ ದಿನಸಿ ಅಂಗಡಿಯಲ್ಲಿ ಗಾಡಿ ತಳ್ಳುತ್ತಿದ್ದಾಗ ಮೇಲಿನ ಸ್ಪೀಕರಿನಲ್ಲಿ ‘ವೆನ್ ಐ ಕಮ್ ಅರೌಂಡ್’ ಬಂತು. ಟೊಮೆಟೊ ಮುಂದೆ ನಿಂತುಬಿಟ್ಟಳು. “ಹಾಡು ಚೆನ್ನಾಗಿತ್ತು. ಅದೇ ನನಗೆ ಸಹಿಸಲಾಗದ್ದು” ಎಂದಳು. ವಿಮರ್ಶಕರು ಪುಟಗಟ್ಟಲೆ ಬರೆದರೂ ಈ ಎರಡು ವಾಕ್ಯಕ್ಕೆ ಸಮನಾಗುವುದು ಕಷ್ಟ.

ನನ್ನ ಮಗಳದು ಬೇರೆಯದೇ ದಾರಿ. ಅವಳು ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಗ, 2004ರಲ್ಲಿ, ಇದೇ ತಂಡದ ‘ಅಮೆರಿಕನ್ ಈಡಿಯಟ್’ ಬಂತು. ಇರಾಕ್ ಯುದ್ಧದ ಕಾಲ. ಹಾಸ್ಟೆಲಿನಲ್ಲಿ ಯಾರೋ ನಕಲು ಮಾಡಿದ ಸಿ.ಡಿ. ಕೈಯಿಂದ ಕೈಗೆ ಹೋಗುತ್ತಿತ್ತಂತೆ. ಅದರಿಂದ ಹಿಂದಕ್ಕೆ ನಡೆದು ಅವಳು ‘ಡೂಕಿ’ಗೆ ಬಂದಳು. ಹೀಗೆ ಹಿಂದಿನಿಂದ ಮುಂದಕ್ಕೆ ಬಾರದೆ, ಮುಂದಿನಿಂದ ಹಿಂದಕ್ಕೆ ಹೋದ ಅಭಿಮಾನಿಗಳ ಒಂದು ದೊಡ್ಡ ಪೀಳಿಗೆಯೇ ಇದೆ. ಅವರ ತೀರ್ಪು ಸಾಮಾನ್ಯವಾಗಿ ಇದು: ಆಮೇಲಿನದು ಲೋಕದ ಮಾತಾಡುತ್ತದೆ, ‘ಡೂಕಿ’ ಇನ್ನೂ ಮೀಸೆ ಬಾರದ ಹುಡುಗರ ಕೋಣೆಯ ಕೊಳಕು. “ಆದರೂ ಅದರಲ್ಲಿ ಒಂದು ಹಾಡು ನನ್ನದು” ಎಂದಳು ಮಗಳು. ‘ಲಾಂಗ್‌ವ್ಯೂ’.

ಆ ಹಾಡನ್ನು ಅವಳ ಪಕ್ಕ ಕೂತು ಕೇಳಿದೆ. ಮೊದಲು ಡ್ರಮ್, ಅದರ ಜತೆ ಬೇಸ್ ಗಿಟಾರಿನ ಒಂದು ನಡೆ. ಬಿಸಿಲಿನಲ್ಲಿ ಕೆಲಸವಿಲ್ಲದವನು ಜಗಲಿಯ ಮೇಲೆ ಅತ್ತಿಂದಿತ್ತ ಅಡ್ಡಾಡಿದಂತೆ. ಗಿಟಾರ್ ಇಲ್ಲವೇ ಇಲ್ಲ ಎಂದುಕೊಳ್ಳುವಷ್ಟರಲ್ಲಿ ಪಲ್ಲವಿಯಲ್ಲಿ ಒಮ್ಮೆಗೇ ಮೂರೂ ವಾದ್ಯ ಮೇಲೆ ಬೀಳುತ್ತವೆ, ಮತ್ತೆ ಸುಮ್ಮನಾಗುತ್ತವೆ. ಹೇಳುವುದಾದರೂ ಏನು? ಮನೆಯಲ್ಲಿ ಟೀವಿ ಮುಂದೆ ಬಿದ್ದುಕೊಂಡು, ಎದ್ದು ಹೋಗಲು ಮನಸ್ಸಿಲ್ಲದೆ, ನಾಚಿಕೆಗೇಡಿನ ಕೆಲಸಗಳಲ್ಲಿ ಹೊತ್ತು ಕಳೆಯುವ ಹುಡುಗನ ಬೇಜಾರು. ಕೆಲಸ ಹುಡುಕು ಎಂದು ಹೇಳುವ ತಾಯಿಯೂ ಒಂದು ಗಳಿಗೆ ಬಂದು ಹೋಗುತ್ತಾಳೆ. ನಾನು ಮೇಷ್ಟ್ರಿನ ಗತ್ತಿನಲ್ಲಿ, “ಇದೇನು, ಸೋಮಾರಿಯ ಸ್ವಗತ” ಎಂದೆ.

ಮಗಳು ಹಾಡು ನಿಲ್ಲಿಸಿದಳು. “ಅಮ್ಮಾ, 2008ರಲ್ಲಿ ನಾನು ಮನೆಯಲ್ಲಿದ್ದದ್ದು ನೆನಪಿದೆಯಾ?”

ನೆನಪಿಲ್ಲದೆ ಏನು. ಓದು ಮುಗಿಸುವ ಮೊದಲೇ ಕೆಲಸ ಸಿಕ್ಕಿತ್ತು. ಅಷ್ಟರಲ್ಲಿ ಅಮೆರಿಕದ ಬ್ಯಾಂಕುಗಳು ಬಿದ್ದವು. ಸೇರುವ ದಿನ ಮುಂದೆ ಹೋಯಿತು, ಮತ್ತೆ ಮುಂದೆ ಹೋಯಿತು. ಹಾಸನದ ನಮ್ಮ ಮನೆಯಲ್ಲಿ ಅವಳು ಹತ್ತು ತಿಂಗಳು ಕೂತಳು. ಬಂದವರೆಲ್ಲ “ಹೇಗೂ ಮನೆಯಲ್ಲೇ ಇದ್ದಾಳೆ, ಗಂಡು ನೋಡಿಬಿಡಿ” ಎನ್ನುವವರೇ. ವಾರಕ್ಕೊಮ್ಮೆ ಉಪ್ಪಿಟ್ಟು, ಕೇಸರಿಬಾತು, ಸೀರೆ, ನಮಸ್ಕಾರ. ಉಳಿದ ಹೊತ್ತು ಅವಳು ಬಾಗಿಲು ಹಾಕಿಕೊಂಡು ಕಿವಿಗೆ ಅದೇನನ್ನೋ ಸಿಕ್ಕಿಸಿಕೊಂಡು ಮಲಗಿರುತ್ತಿದ್ದಳು. ನಾನು ಅಡಿಗೆಮನೆಯಿಂದ ಕೂಗುತ್ತಿದ್ದೆ: “ಹೊತ್ತು ಹತ್ತಾಯಿತು. ಎದ್ದು ಒಂದು ಕೆಲಸ ಮಾಡಬಾರದೇ?”

“ಆಗ ನಾನು ಕೇಳುತ್ತಿದ್ದದ್ದು ಇದನ್ನೇ. ಹಾಡಿನೊಳಗೆ ಒಬ್ಬಳು ಅಮ್ಮ, ಹೊರಗೆ ನೀನು.”

ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ. ಪರಕೀಯವೆಂದುಕೊಂಡು ತೀರ್ಪು ಕೊಡುತ್ತಿದ್ದ ಹಾಡಿನಲ್ಲಿ ನಾನು ಹದಿನಾರು ವರ್ಷಗಳಿಂದ ಒಂದು ಪಾತ್ರವಾಗಿದ್ದೆ!

ಆ ರಾತ್ರಿ ಯೋಚಿಸುತ್ತ ಮಲಗಿದೆ. ಬೇಜಾರು ಎಂಬುದನ್ನು ನಾವು ಹೆಂಗಸರು ಬಲ್ಲಷ್ಟು ಯಾರು ಬಲ್ಲರು? ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ತೊಳೆದಿಟ್ಟ ಪಾತ್ರೆಗಳ ಮುಂದೆ ಕೂತ ಹೆಂಗಸಿನ ಬೇಜಾರಿಗೆ ಹೆಸರೇ ಇಲ್ಲ. “ನಿನಗೇನಮ್ಮ, ಮನೆಯಲ್ಲಿ ಆರಾಮ” ಎನ್ನುತ್ತಾರೆ. ಗಂಡುಹುಡುಗ ತನ್ನ ಬೇಜಾರನ್ನು ಕೋಟಿ ಜನರೆದುರು ಕೂಗಿ ಹೇಳಿದ, ಅದು ಒಂದು ಕಾಲದ ದನಿಯಾಯಿತು. ಹೆಂಗಸು ಹೇಳಿದ್ದರೆ ಮೈಗಳ್ಳಿಯಾಗುತ್ತಿದ್ದಳು. ಇಲ್ಲಿ ಆ ಹುಡುಗರ ತಪ್ಪೇನೂ ಇಲ್ಲ. ಆದರೆ ‘ಡೂಕಿ’ಯ ಮಿತಿ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನಾನು ಈ ಹಾಡಿನ ತಾಯಿಯನ್ನು ತೋರಿಸುತ್ತೇನೆ. ಅವಳದು ಬರೀ ಗೊಣಗು. ಅವಳು ಬೆಳಿಗ್ಗೆಯಿಂದ ಎಷ್ಟು ಹೊತ್ತು ನಿಂತಿದ್ದಾಳೆ ಎಂಬುದು ಆ ಸೋಫಾದಿಂದ ಕಾಣುವುದಿಲ್ಲ. ಅದೇ ಹೊತ್ತಿಗೆ, ಅಡಿಗೆಮನೆಯಿಂದ ಮಗಳ ಕೋಣೆಯೊಳಗಿನದು ನನಗೂ ಕಂಡಿರಲಿಲ್ಲ.

ಹೆಣ್ಣನ್ನು ಈ ಹಾಡುಗಳು ನೋಡುವುದೇ ಇಲ್ಲ ಎಂದರೆ ಅನ್ಯಾಯವಾದೀತು. ‘ಶೀ’ ಎಂಬ ಹಾಡನ್ನು ಅನೇಕ ಅಭಿಮಾನಿಗಳು, ಅದರಲ್ಲೂ ಹುಡುಗಿಯರು, ಎಲ್ಲಕ್ಕಿಂತ ಮೇಲಿಡುತ್ತಾರೆ. ಗೆಳತಿಯೊಬ್ಬಳು ತೋರಿಸಿದ ಸ್ತ್ರೀವಾದಿ ಕವಿತೆಗೆ ಉತ್ತರವಾಗಿ ಬಿಲ್ಲಿ ಜೋ ಅದನ್ನು ಬರೆದ. ಬೇರೆಯವರು ಹಾಕಿಕೊಟ್ಟ ಬದುಕಿನೊಳಗೆ ಸಿಕ್ಕಿಬಿದ್ದು ಒಳಗೊಳಗೇ ಕಿರುಚುವ ಹುಡುಗಿಗೆ ಅವನು ಉಪದೇಶ ಮಾಡುವುದಿಲ್ಲ, ಬಿಡಿಸುತ್ತೇನೆ ಎಂದೂ ಹೇಳುವುದಿಲ್ಲ. ಕಿರುಚು, ಕೇಳಿಸಿಕೊಳ್ಳುತ್ತೇನೆ, ನನ್ನ ಕಿವಿ ಹೋದರೂ ಚಿಂತೆಯಿಲ್ಲ ಎನ್ನುತ್ತಾನೆ. ನಮ್ಮ ಭಾವಗೀತೆಗಳಲ್ಲಿ ಹೆಣ್ಣಿನ ಕಣ್ಣೀರು ಒರೆಸುವವರು ಬಹಳ. ಅವಳ ಕಿರುಚಾಟಕ್ಕೆ ಕಿವಿ ಕೊಡುವವರು ಕಡಿಮೆ. ಎರಡೂಕಾಲು ನಿಮಿಷದ ಈ ಹಾಡಿಗೆ ನಾನು ಪೂರ್ಣ ಅಂಕ ಕೊಟ್ಟೆ.

‘ಪುಲಿಂಗ್ ಟೀತ್’ಗೆ ಕೊಡಲಾರೆ. ಪ್ರೇಯಸಿಯ ಕೈಯಲ್ಲಿ ಏಟು ತಿಂದು ಮೂಳೆ ಮುರಿದುಕೊಂಡ ಗಂಡಿನ ಗೋಳು ಅದು. ಇಂಪಾದ ರಾಗದಲ್ಲಿ, ತಮಾಷೆಯಾಗಿ ಹೇಳಿದ್ದಾರೆ. ಗಂಡು–ಹೆಣ್ಣು ಅದಲುಬದಲು ಮಾಡಿದರೆ ಯಾರೂ ನಗುವುದಿಲ್ಲ. ಅದನ್ನು ತೋರಿಸುವುದೇ ಹಾಡಿನ ಉದ್ದೇಶ ಎಂದು ಮಗಳು ವಾದಿಸಿದಳು. ಇರಬಹುದು. ನಾನು ಕಲಿಸಿದ ಹೆಣ್ಣುಮಕ್ಕಳಲ್ಲಿ ಮದುವೆಯಾದ ಮೇಲೆ ‘ಮೆಟ್ಟಿಲಿಂದ ಬಿದ್ದೆ’ ಎಂದು ಹೇಳಿದವರ ಮುಖಗಳು ನನಗೆ ನೆನಪಿವೆ. ರಾಗ ಎಷ್ಟು ಇಂಪಾಗಿದ್ದರೂ ಅಲ್ಲಿ ನನಗೆ ತಾಳ ಹಾಕಲು ಕೈ ಬಾರದು.

‘ಕಮಿಂಗ್ ಕ್ಲೀನ್’ ಎಂಬ ಇನ್ನೊಂದು ಪುಟ್ಟ ಹಾಡಿದೆ, ಎರಡು ನಿಮಿಷವೂ ಇಲ್ಲ. ಹದಿನೇಳರ ಹುಡುಗನೊಬ್ಬ ತಾನು ಯಾರನ್ನು ಪ್ರೀತಿಸಬಲ್ಲೆ ಎಂಬ ಗುಟ್ಟನ್ನು ತನಗೆ ತಾನೇ ಹೇಳಿಕೊಳ್ಳುವ ಹಾಡು. 1995ರಲ್ಲಿ ಬಿಲ್ಲಿ ಜೋ ತನಗೆ ಹೆಣ್ಣು ಗಂಡು ಇಬ್ಬರತ್ತಲೂ ಒಲವುಂಟೆಂದು ‘ಅಡ್ವೊಕೇಟ್’ ಪತ್ರಿಕೆಗೆ ಬಹಿರಂಗವಾಗಿ ಹೇಳಿದ. ‘ಡೂಕಿ’ಯ ಪ್ರವಾಸದಲ್ಲಿ ಸಲಿಂಗಿಗಳ ತಂಡವಾದ ಪ್ಯಾನ್ಸಿ ಡಿವಿಷನ್ ಅನ್ನು ತಮ್ಮ ಮೊದಲು ಹಾಡಲು ಕರೆದೊಯ್ದರು. ದೊಡ್ಡ ಸಭಾಂಗಣಗಳಿಗೆ ಬಂದ ಮೊಣಕೈ ಹುಡುಗರು ಅದನ್ನೂ ಕೇಳಬೇಕಾಯಿತು. ಪಕ್ಕದ ಮನೆಯಾಕೆಗೆ ಇದನ್ನು ನೆನಪಿಸಿದಾಗ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೌದು, ಗಿಲ್‌ಮನ್ನಿನ ಒಂದು ನಿಯಮವನ್ನಾದರೂ ಜೇಬಿನಲ್ಲಿಟ್ಟುಕೊಂಡು ಹೋಗಿದ್ದರು” ಎಂದಳು.

ಇನ್ನು ಮೂರನೆಯವಳ ಮಾತು. ಇಷ್ಟೆಲ್ಲ ಬರೆದದ್ದು ಇದಕ್ಕಾಗಿಯೇ.

ಮೊಮ್ಮಗಳಿಗೆ ಹದಿಮೂರು. ಒಂದು ಸೋಮವಾರ ಬೆಳಿಗ್ಗೆ ಶಾಲೆಗೆ ಹೊರಟವಳು ಮೆಟ್ಟಿಲ ಮೇಲೆ ಕುಸಿದು ಕೂತಳು. ಮೈಯೆಲ್ಲ ಬೆವರು, ಕೈ ನಡುಕ, ಉಸಿರು ಮೇಲಕ್ಕೂ ಇಲ್ಲ ಕೆಳಕ್ಕೂ ಇಲ್ಲ. “ನಾನು ಸಾಯ್ತೀನಿ ಅಜ್ಜಿ” ಎಂದಳು. ನಾನು ಹೇಳಿದ್ದು, ಹೇಳಲು ಈಗಲೂ ನಾಚಿಕೆ, “ಬೆಳಿಗ್ಗೆ ಏನೂ ತಿನ್ನದೆ ಹೊರಟರೆ ಹೀಗೇ. ಗ್ಯಾಸು.” ಹತ್ತು ನಿಮಿಷದಲ್ಲಿ ಸರಿಹೋಯಿತು. ಅದು ಮೊದಲ ಸಲವಲ್ಲ, ಆರು ತಿಂಗಳಿಂದ ಬರುತ್ತಿದೆ, ಶಾಲೆಯ ಆಪ್ತಸಲಹೆಗಾರ್ತಿಯ ಹತ್ತಿರ ಹೋಗುತ್ತಿದ್ದಾಳೆ ಎಂದು ಮಗಳು ಆಮೇಲೆ ಹೇಳಿದಳು. ನನಗೆ ಯಾಕೆ ಹೇಳಲಿಲ್ಲ ಎಂದೆ. “ನೀನು ದೃಷ್ಟಿ ತೆಗೆಯುತ್ತೀಯ, ಅದಕ್ಕೆ” ಎಂದಳು.

ಆ ಸಂಜೆ ಮೊಮ್ಮಗಳು ತಾನಾಗಿಯೇ ಬಂದು ಕಿವಿಗಳಿಗೆ ಸಿಕ್ಕಿಸುವ ಆ ಎರಡು ಗುಂಡಿಗಳಲ್ಲಿ ಒಂದನ್ನು ನನ್ನ ಕಿವಿಗಿಟ್ಟಳು. ‘ಬಾಸ್ಕೆಟ್ ಕೇಸ್’. “ಅಜ್ಜಿ, ನನಗೆ ಆಗುವುದು ಇದೇ.”

ಹಾಡು ಶುರುವಾಗುವಾಗ ಧ್ವನಿ, ಅದುಮಿ ಹಿಡಿದ ಗಿಟಾರಿನ ತಂತಿ, ಇಷ್ಟೇ. ಒಬ್ಬನೇ ಒಬ್ಬ, ಯಾರೋ ಕೇಳುತ್ತಾರೇನೋ ಎಂದು ಅನುಮಾನದಿಂದ ಮಾತು ತೆಗೆದಂತೆ. ಆಮೇಲೆ ಉಳಿದಿಬ್ಬರು ಬಂದು ಸೇರುತ್ತಾರೆ, ಓಟ ಶುರುವಾಗುತ್ತದೆ. ತನ್ನ ಮನಸ್ಸೇ ತನಗೆ ಆಟ ಕಟ್ಟುತ್ತಿದೆ, ತನಗೆ ಹುಚ್ಚು ಹಿಡಿಯುತ್ತಿದೆಯೋ ಅಥವಾ ಬರೀ ಅಮಲೋ ತಿಳಿಯದು ಎಂದು ಹಾಡುವವನು ಹೇಳಿಕೊಳ್ಳುತ್ತಾನೆ. ತನ್ನ ಗೋಳನ್ನು ತಾನೇ ಗೇಲಿ ಮಾಡಿಕೊಳ್ಳುತ್ತಾನೆ. ಬಿಲ್ಲಿ ಜೋಗೆ ಇಂಥ ದಿಗಿಲು ಬರುತ್ತಿತ್ತು. ತನಗೆ ತಲೆ ಕೆಡುತ್ತಿದೆ ಎಂದೇ ಅವನು ತಿಳಿದಿದ್ದ. ಅದು ಒಂದು ಕಾಯಿಲೆ, ಅದಕ್ಕೊಂದು ಹೆಸರಿದೆ ಎಂದು ವೈದ್ಯರಿಂದ ತಿಳಿದದ್ದು ಹಾಡು ಬರೆದು ಕೆಲವು ವರ್ಷಗಳ ಮೇಲೆ.

ಈ ಹಾಡಿನ ಬಗ್ಗೆ ಅಭಿಮಾನಿಗಳಲ್ಲೇ ಜಗಳವಿದೆ. ಇದು ಬರೀ ಕುಣಿಯುವ ಹಾಡು, ದಿಗಿಲನ್ನು ತಮಾಷೆ ಮಾಡುತ್ತದೆ ಎನ್ನುವವರಿದ್ದಾರೆ. ಪಾಳುಬಿದ್ದ ಮಾನಸಿಕ ಆಸ್ಪತ್ರೆಯೊಂದರಲ್ಲಿ ಇದರ ಚಿತ್ರೀಕರಣ ಮಾಡಿದ್ದು ಅವರ ಮಾತಿಗೆ ಇಂಬು ಕೊಡುತ್ತದೆ. ಇದೇ ನಮ್ಮನ್ನು ಬದುಕಿಸಿತು ಎನ್ನುವವರೂ ಇದ್ದಾರೆ. ನನ್ನ ಮಟ್ಟಿಗೆ ಎರಡನೆಯವರದು ಸರಿ. ಅದಕ್ಕೆ ಕಾರಣ ಹಾಡಿನ ಕಟ್ಟಡದಲ್ಲೇ ಇದೆ. ಇದರ ಸ್ವರಗಳ ಸರಣಿ ಹದಿನೇಳನೆಯ ಶತಮಾನದ ಜರ್ಮನ್ ಸಂಗೀತಗಾರ ಪಾಕೆಲ್‌ಬೆಲ್‌ನ ‘ಕ್ಯಾನನ್’ಗೆ ಹತ್ತಿರದ್ದು ಎಂದು ಬಲ್ಲವರು ಹೇಳುತ್ತಾರೆ. ಮದುವೆಗಳಲ್ಲಿ ನುಡಿಸುವ, ಒಂದಾದ ಮೇಲೊಂದು ಮೆಟ್ಟಿಲಿಳಿದು ಮತ್ತೆ ಮನೆಗೇ ಬರುವ ಸರಣಿ ಅದು. ಮಾತು ಎಷ್ಟೇ ಹೆದರಿ ಓಡಲಿ, ಕೆಳಗೆ ರಾಗ ಅದನ್ನು ಕೈಬಿಡುವುದಿಲ್ಲ, ಪ್ರತಿ ಸುತ್ತಿಗೂ ಮನೆ ಮುಟ್ಟಿಸುತ್ತದೆ. ಮೂರು ನಿಮಿಷದಲ್ಲಿ ದಿಗಿಲು ಶುರುವಾಗಿ, ಏರಿ, ಮುಗಿಯುತ್ತದೆ. ಮುಗಿಯುತ್ತದೆ ಎಂಬುದೇ ಆ ಮಗುವಿಗೆ ಬೇಕಾಗಿದ್ದ ಸುದ್ದಿ. ದುಃಖದ ಹಾಡು ದಿಗಿಲಿಗೆ ಮಣೆ ಹಾಕಿ ಕೂರಿಸುತ್ತದೆ. ಇದು ಅದನ್ನು ಬೀದಿಗೆಳೆದು ಕುಣಿಸುತ್ತದೆ. ಹಾಡು ಔಷಧವಲ್ಲ, ಔಷಧ ಕೊಡುವವರ ಬಳಿ ಅವಳು ಹೋಗುತ್ತಲೇ ಇದ್ದಳು. ಆದರೆ ‘ನನಗೆ ಆಗುವುದು ಇದೇ’ ಎಂದು ಅಜ್ಜಿಗೆ ಹೇಳಲು ಅವಳಿಗೆ ಮಾತು ಸಿಕ್ಕಿದ್ದು ಈ ಹಾಡಿನಲ್ಲಿ.

ಆಗ ನನ್ನ ಬಾಯಿಂದಲೂ ಒಂದು ಮಾತು ಬಂತು. ಮದುವೆಯಾದ ಮೊದಲ ವರ್ಷ, ಹದಿನೇಳು ಜನರ ಮನೆ. ರಾತ್ರಿ ಹಾಸಿಗೆಯಲ್ಲಿ ಇದ್ದಕ್ಕಿದ್ದಂತೆ ಎದೆ ಹಾರುತ್ತಿತ್ತು, ಗೋಡೆಗಳು ಹತ್ತಿರ ಬರುತ್ತಿದ್ದವು. ಸತ್ತೇ ಹೋಗುತ್ತೇನೆ ಎನ್ನಿಸಿ ಹಿತ್ತಿಲ ಬಾಗಿಲು ತೆಗೆದು ಬಾವಿಕಟ್ಟೆಯ ಮೇಲೆ ಕೂರುತ್ತಿದ್ದೆ. ಬಾವಿಕಟ್ಟೆಯ ಮೇಲೆ ಕೂತ ಹೊಸ ಸೊಸೆಯನ್ನು ಕಂಡರೆ ಮನೆಯವರಿಗೆ ಏನನ್ನಿಸಬೇಕು? ಗಲಾಟೆಯಾಯಿತು. ಕೊನೆಗೆ ಅತ್ತೆಯವರು ಇಂಗು ಕಲಸಿದ ಮಜ್ಜಿಗೆ ಕೊಟ್ಟು “ಗ್ಯಾಸು” ಎಂದರು. ಅವರು ಕೆಟ್ಟವರಲ್ಲ, ಅವರಿಗೂ ಯಾರೋ ಹಾಗೇ ಹೇಳಿದ್ದಿರಬೇಕು. ನಲವತ್ತು ವರ್ಷ ನಾನೂ ಅದನ್ನು ಗ್ಯಾಸೆಂದೇ ನಂಬಿದ್ದೆ. ಮೊಮ್ಮಗಳಿಗೆ ಕೊಟ್ಟದ್ದೂ ಅದೇ ಇಂಗು.

“ಅಜ್ಜಿ, ನಿನಗೂನಾ?” ಎಂದು ಅವಳು ಕಣ್ಣರಳಿಸಿದಳು. ನನ್ನ ಮಗಳು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಅವಳಿಗೂ ನಾನು ಈ ಮಾತು ಹೇಳಿರಲಿಲ್ಲ.

2024ರ ಸೆಪ್ಟೆಂಬರ್ 20ರಂದು ಸ್ಯಾನ್‌ಫ್ರಾನ್ಸಿಸ್ಕೊದ ಒರಾಕಲ್ ಪಾರ್ಕ್ ಎಂಬ ಬೇಸ್‌ಬಾಲ್ ಮೈದಾನದಲ್ಲಿ ಗ್ರೀನ್ ಡೇ ಕಾರ್ಯಕ್ರಮವಿತ್ತು. ‘ಡೂಕಿ’ಗೆ ಮೂವತ್ತು ತುಂಬಿದ್ದಕ್ಕೆ ಮೊದಲಿನಿಂದ ಕೊನೆಯವರೆಗೆ ಹಾಡುವ ಪ್ರವಾಸ. ಅಳಿಯನಿಗೆ ಆಫೀಸಿನ ಕೆಲಸ ಬಂದು ಅವನ ಟಿಕೆಟ್ಟು ನನ್ನ ಪಾಲಿಗೆ ಬಂತು. ಕಿವಿಗೆ ಹತ್ತಿ, ಮೈಗೆ ಶಾಲು, ಚೀಲದಲ್ಲಿ ಚಕ್ಕುಲಿ (ಚಕ್ಕುಲಿಯನ್ನು ಕಾರಿನಲ್ಲೇ ಬಿಡಿಸಿದರು). ಪಕ್ಕದ ಮನೆಯಾಕೆಯೂ ಬಂದಳು. “ನಾನು ಬರುತ್ತಿರುವುದು ರ‍್ಯಾನ್ಸಿಡ್‌ಗಾಗಿ ಮಾತ್ರ” ಎಂದು ಮೊದಲೇ ಹೇಳಿದ್ದಳು. ಮುಂಚೆ ಹಾಡುವವರಲ್ಲಿದ್ದ ರ‍್ಯಾನ್ಸಿಡ್ ಕೂಡ ಗಿಲ್‌ಮನ್ ಬಳಗದಿಂದಲೇ ಬಂದ ತಂಡ. 1990ರ ದಶಕದಲ್ಲಿ ದೊಡ್ಡ ಕಂಪನಿಗಳು ಬಾಗಿಲಿಗೆ ಬಂದರೂ ಒಲ್ಲೆನೆಂದು ಸ್ವತಂತ್ರ ಸಂಸ್ಥೆಯಲ್ಲೇ ಉಳಿದವರು. ಎಲ್ಲರಿಗಿಂತ ಮೊದಲು ಹಾಡಿದ್ದು ಲಿಂಡಾ ಲಿಂಡಾಸ್. ಏಷ್ಯಾ ಮತ್ತು ಲ್ಯಾಟಿನ್ ಮೂಲದ ಲಾಸ್ ಏಂಜಲೀಸ್ ಹುಡುಗಿಯರ ತಂಡ, 2021ರಲ್ಲಿ ಒಂದು ಸಾರ್ವಜನಿಕ ಗ್ರಂಥಾಲಯದಲ್ಲಿ ಹಾಡಿ ಹೆಸರಾದವರು. ಹಿಂದಿನ ಗೋಡೆಗೆ ಸೇರಿದ್ದ ಹುಡುಗಿಯರ ಮಕ್ಕಳ ವಯಸ್ಸಿನವರು ಈಗ ವೇದಿಕೆಯ ಮೇಲೆ ಗಿಟಾರ್ ಹಿಡಿದು ನಿಂತಿದ್ದರು. ಪಕ್ಕದ ಮನೆಯಾಕೆ ಎದ್ದು ನಿಂತು ಚಪ್ಪಾಳೆ ತಟ್ಟಿದಳು.

ರ‍್ಯಾನ್ಸಿಡ್ ಮುಗಿದ ಮೇಲೂ ಆಕೆ ಎದ್ದು ಹೋಗಲಿಲ್ಲ.

ಕತ್ತಲಾದ ಮೇಲೆ ಮುಖಪುಟದ ವ್ಯಂಗ್ಯಚಿತ್ರದಲ್ಲಿರುವ ಆ ಸ್ಫೋಟದ ಮೋಡ ಗಾಳಿ ತುಂಬಿಕೊಂಡು ವೇದಿಕೆಯ ಮೇಲೆ ಎದ್ದಿತು. ಐವತ್ತು ದಾಟಿದ ಮೂವರು ಗಂಡಸರು ಇಪ್ಪತ್ತೊಂದರ ಹುಡುಗರ ದೂರುಗಳನ್ನು ಒಂದೊಂದಾಗಿ ಹಾಡಿದರು. ಹತ್ತಿಯಿದ್ದರೂ ನನ್ನ ಎದೆಗೂಡೇ ಮದ್ದಳೆಯಾಗಿತ್ತು. ‘ಲಾಂಗ್‌ವ್ಯೂ’ ಬಂದಾಗ ಮಗಳು ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದಳು. ‘ಬಾಸ್ಕೆಟ್ ಕೇಸ್’ ಬಂದಾಗ ಇಡೀ ಮೈದಾನ ಹಾಡಿತು. ತನ್ನೊಬ್ಬನಿಗೇ ತಲೆ ಕೆಟ್ಟಿದೆ ಎಂದುಕೊಂಡು ಒಬ್ಬ ಬರೆದದ್ದನ್ನು ಅಷ್ಟೂ ಜನ ಒಟ್ಟಿಗೆ ಬಾಯಿಪಾಠ ಒಪ್ಪಿಸಿದರು. ಮೊಮ್ಮಗಳು ಕುಣಿಯುತ್ತಿದ್ದಳು. ಪಕ್ಕದ ಮನೆಯಾಕೆಯ ತುಟಿ ಆಡುತ್ತಿತ್ತು, ದನಿ ಬಂತೋ ಇಲ್ಲವೋ ಗೊತ್ತಾಗಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ಮತ್ತೆ ವಾದ. ಗ್ರೀನ್ ಡೇ 2015ರಲ್ಲಿ ಒಂದು ಸಹಾಯಾರ್ಥ ಕಾರ್ಯಕ್ರಮಕ್ಕಾಗಿ ಗಿಲ್‌ಮನ್‌ಗೆ ಮರಳಿ ಹಾಡಿತ್ತು. “ಅಲ್ಲಿಗೂ ಕರೆದರಲ್ಲ, ಇನ್ನಾದರೂ ಕ್ಷಮಿಸಿ” ಎಂದಳು ಮಗಳು. 2024ರ ಏಪ್ರಿಲಿನಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ‘ಡೂಕಿ’ಯನ್ನು ರಾಷ್ಟ್ರ ಕಾಪಿಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿದ್ದನ್ನೂ ಹೇಳಿದಳು. ಪಕ್ಕದ ಮನೆಯಾಕೆ, “ಸರಕಾರದ ಕಪಾಟಿಗೆ ಹೋದದ್ದು ಪಂಕ್ ಹೇಗಾದೀತು?” ಎಂದು ನಕ್ಕಳು. ಆಮೇಲೆ, “ಆದರೂ ಈ ಹುಡುಗಿಗೆ ಇದು ಸಿಕ್ಕಿತಲ್ಲ” ಎಂದು ಮೊಮ್ಮಗಳ ಕಡೆ ತಲೆಯಾಡಿಸಿದಳು. ಅದಕ್ಕಿಂತ ಹೆಚ್ಚು ಆಕೆ ಬಿಟ್ಟುಕೊಡಲಿಲ್ಲ. ಬಿಟ್ಟುಕೊಡಬೇಕಾಗಿಯೂ ಇಲ್ಲ. ಆಕೆ ಕಳೆದುಕೊಂಡದ್ದು ಆಕೆಗೆ ನಿಜ. ದೊಡ್ಡ ಕಂಪನಿ ಇಲ್ಲದಿದ್ದರೆ ಅದು ಹಾಸನದ ಬಾಗಿಲು ಹಾಕಿದ ಕೋಣೆಗೆ ಮುಟ್ಟುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ. ಎರಡನ್ನೂ ಕೂಡಿಸಿ ಕಳೆದು ಒಂದು ಮೊತ್ತ ತೆಗೆಯಲು ನನಗೆ ಬರುವುದಿಲ್ಲ.

ಮೇಷ್ಟ್ರಾಗಿ ಅಂಕ ಕೊಡಲೇಬೇಕೆಂದರೆ ಹೀಗೆ ಹೇಳುತ್ತೇನೆ. ‘ಡೂಕಿ’ಯಲ್ಲಿ ವೈವಿಧ್ಯ ಕಡಿಮೆ, ಹದಿನಾಲ್ಕರಲ್ಲಿ ನಾಲ್ಕೈದು ಹಾಡು ಒಂದನ್ನೊಂದು ಹೋಲುತ್ತವೆ. ತನ್ನನ್ನು ಬಿಟ್ಟು ಬೇರೆಯವರನ್ನು ನೋಡುವುದು ಅಪರೂಪ. ಆದರೆ ತನ್ನನ್ನು ನೋಡಿಕೊಳ್ಳುವಾಗ ಸುಳ್ಳಿಲ್ಲ. ಸೋಮಾರಿತನ, ದಿಗಿಲು, ಆಸೆ, ಕೊಳಕು, ಇವಕ್ಕೆಲ್ಲ ಬೇರೆ ಮಡಿ ಹೆಸರು ಹುಡುಕಲು ಹೋಗದೆ ಇದ್ದ ಹೆಸರಿನಿಂದಲೇ ಕರೆದಿದ್ದಾರೆ. ಕಟ್ಟಿನ ಹೆಸರೂ ಸೇರಿದಂತೆ.

ನಾನು ಹಾಸನಕ್ಕೆ ವಾಪಸು ಬಂದು ಬಹಳ ದಿನವಾಯಿತು. 2025ರ ಮಾರ್ಚಿನಲ್ಲಿ ಗ್ರೀನ್ ಡೇ ಮುಂಬಯಿಗೆ ಬಂದು ಲೊಲಾಪಲೂಜಾ ಉತ್ಸವದಲ್ಲಿ ಹಾಡಿದಾಗ ಮೊಮ್ಮಗಳು ಫೋನು ಮಾಡಿ, “ಅಜ್ಜಿ, ನೀನು ಹೋಗಲಿಲ್ವಾ?” ಎಂದು ಕೇಳಿದಳು. ಹಾಸನದಿಂದ ಮುಂಬಯಿ ಎಷ್ಟು ದೂರ ಎಂಬ ಅಂದಾಜು ಅವಳಿಗಿಲ್ಲ. ಈಗಲೂ ಭಾನುವಾರ ಫೋನು ಮಾಡುತ್ತಾಳೆ. ದಿಗಿಲು ಬರುವುದು ನಿಂತಿಲ್ಲ, ಕಡಿಮೆಯಾಗಿದೆ. ಮೊನ್ನೆ ಕೇಳಿದಳು: “ಅಜ್ಜಿ, ನಿನಗೆ ಬಂದಾಗ ಹಾಡು ಇರಲಿಲ್ಲವಲ್ಲ, ಬಾವಿಕಟ್ಟೆ ಮೇಲೆ ಕೂತು ಏನು ಮಾಡುತ್ತಿದ್ದೆ?”

“ಗಡಗಡೆಗೆ ಸುತ್ತಿದ ಹಗ್ಗದ ಸುತ್ತು ಎಣಿಸುತ್ತಿದ್ದೆ ಕಣೇ. ಇಪ್ಪತ್ತೆರಡು ಸುತ್ತು ಇತ್ತು. ಎಣಿಸಿ ಮುಗಿಯುವಷ್ಟರಲ್ಲಿ ಹೋಗುತ್ತಿತ್ತು.”

“ಅಂದರೆ ಮೂರು ನಿಮಿಷ” ಎಂದಳು ಅವಳು.